ಮಂಗಳೂರು ವಾಪಸು ಕಳಿಸಿದ ಹುಡುಗಿ

ಮಣಲಿಯ ನಮ್ಮ ಬೀದಿಯಲ್ಲಿ ಕನ್ನಡ ಬರುವ ಮನೆಗಳು ಎರಡೇ. ಒಂದು ನಮ್ಮದು, ಇನ್ನೊಂದು ಮಂಗಳೂರಿನ ಬಾಯಮ್ಮನವರದು. (ನಮ್ಮ ಪುತ್ತೂರಿನ ಕಡೆ ಕ್ರೈಸ್ತ ಹೆಂಗಸರನ್ನು ಹಾಗೇ ಕರೆಯುವುದು ರೂಢಿ.) ಅವರ ಮನೆಮಾತು ಕೊಂಕಣಿ, ನನ್ನ ಜೊತೆ ಮಾತ್ರ ಅಪ್ಪಟ ಮಂಗಳೂರು ಕನ್ನಡ. ನಾನು ಬ್ಯಾಂಕಿನವನಾದ್ದರಿಂದ ಅವರ ಎಫ್‌ಡಿ ಕಾಗದಪತ್ರ ನೋಡಿಕೊಡುವುದು ನನ್ನ ಪಾಲಿನ ಕೆಲಸ. ಕಳೆದ ತಿಂಗಳು ಹೋದಾಗ ದೇವರ ಮೂಲೆಯಲ್ಲಿ ಒಂದು ಹೊಸ ಪಟ ಕಂಡಿತು. ಸನ್ಯಾಸಿನಿಯ ಉಡುಪು, ಹುಡುಗಿಯ ಮುಖ.

"ಯಾರು ಇವರು?"

"ಸಂತ ಮರಿಯಂ. ನಮ್ಮ ಮಂಗಳೂರಲ್ಲಿ ಇದ್ದವರು ಮಾರಾಯ್ರೇ, ನಿಮಗೆ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ಪುತ್ತೂರಿನಿಂದ ಮಂಗಳೂರಿಗೆ ಐವತ್ತು ಕಿಲೋಮೀಟರು. ಎಷ್ಟು ಸಲ ಬಸ್ಸಿನಲ್ಲಿ ಹೋಗಿ ಬಂದಿದ್ದೇನೋ ಲೆಕ್ಕವಿಲ್ಲ. ಆಮೇಲೆ ಹುಡುಕಿ ಓದಿದೆ.

ಮರಿಯಂ ಬವಾರ್ದಿ ಹುಟ್ಟಿದ್ದು 1846ರಲ್ಲಿ, ಗಲಿಲಾಯದ ಇಬಿಲ್ಲಿನ್ ಎಂಬ ಹಳ್ಳಿಯಲ್ಲಿ. ಅವಳಿಗಿಂತ ಮುಂಚೆ ಹುಟ್ಟಿದ ಹನ್ನೆರಡು ಗಂಡುಮಕ್ಕಳೂ ಉಳಿದಿರಲಿಲ್ಲ. ಅಪ್ಪ ಅಮ್ಮ ಬೆತ್ಲೆಹೇಮಿಗೆ ಹರಕೆ ಹೊತ್ತು ನಡೆದು ಹೋಗಿ ಬಂದ ಮೇಲೆ ಹುಟ್ಟಿದ ಮಗು ಇದು. ಆದರೆ ಮಗು ತೀರ ಚಿಕ್ಕದಿರುವಾಗಲೇ ಅವರಿಬ್ಬರೂ ತೀರಿಹೋದರು. ಸಾಕಿದ ಚಿಕ್ಕಪ್ಪ ಹನ್ನೆರಡು ಹದಿಮೂರಕ್ಕೇ ಮದುವೆ ಗೊತ್ತುಮಾಡಿದಾಗ ಹುಡುಗಿ ತಲೆಗೂದಲು ಕತ್ತರಿಸಿಕೊಂಡು ಒಲ್ಲೆ ಎಂದಳು. ಅಲ್ಲಿಂದ ಮುಂದೆ ಮನೆಗೆಲಸವೇ ಬದುಕು. ಅಲೆಕ್ಸಾಂಡ್ರಿಯ, ಜೆರುಸಲೇಮ್, ಬೈರೂತ್, ಕೊನೆಗೆ ಫ್ರಾನ್ಸಿನ ಮಾರ್ಸೇಲ್ಸ್. 1867ರಲ್ಲಿ ಪೋ ಎಂಬ ಪಟ್ಟಣದ ಕಾರ್ಮೆಲ್ ಮಠಕ್ಕೆ ಸೇರಿದಳು.

ಆಗಿನ ಕಾರ್ಮೆಲ್ ಮಠಗಳಲ್ಲಿ ಎರಡು ವರ್ಗ. ಲ್ಯಾಟಿನ್ ಪ್ರಾರ್ಥನೆ ಪಠಿಸುವ ಸೋದರಿಯರು ಒಂದು ಕಡೆ. ಅಡುಗೆ, ಬಟ್ಟೆ ಒಗೆಯುವುದು, ಕಸ ಗುಡಿಸುವುದು ಮಾಡುವ ಸೋದರಿಯರು ಇನ್ನೊಂದು ಕಡೆ. ಮರಿಯಂಗೆ ಓದು ಬರಹ ಬಹುತೇಕ ಇಲ್ಲ, ಲ್ಯಾಟಿನ್ ಅಂತೂ ದೂರದ ಮಾತು. ಅವಳೇ ಕೆಲಸದ ಸಾಲನ್ನು ಬಯಸಿದಳು. ತನ್ನನ್ನು ಕರೆದುಕೊಳ್ಳುತ್ತಿದ್ದದ್ದು 'ಪುಟ್ಟ ಶೂನ್ಯ' ಎಂದು. ಪುಟ್ಟ ದಾರಿಯ ಮಾತಿಗೆ ಲೋಕಪ್ರಸಿದ್ಧಳಾದ ಲಿಸ್ಯುವಿನ ಸಂತ ತೆರೇಸಾ ಆಗಿನ್ನೂ ಹುಟ್ಟಿಯೇ ಇರಲಿಲ್ಲ. ಆಕೆ ಹುಟ್ಟಿದ್ದು 1873ರಲ್ಲಿ.

ಇಲ್ಲೊಂದು ಮಾತು ಹೇಳಬೇಕು. ಯಾರು ದೊಡ್ಡವರು ಎಂದು ಶಿಷ್ಯರು ಕೇಳಿದಾಗ ಯೇಸು ಒಂದು ಮಗುವನ್ನು ಕರೆದು ನಡುವೆ ನಿಲ್ಲಿಸಿದ ಪ್ರಸಂಗ ಮತ್ತಾಯನ ಸುವಾರ್ತೆಯಲ್ಲಿದೆ. ಅದನ್ನು ನಾವು ಮಗುವಿನ ಮುಗ್ಧತೆ ಎಂದು ಓದಿಬಿಡುತ್ತೇವೆ. ಆ ಕಾಲದಲ್ಲಿ ಮಗುವೆಂದರೆ ಸಮಾಜದಲ್ಲಿ ಸ್ಥಾನವಾಗಲಿ, ಮಾತಿಗೆ ಬೆಲೆಯಾಗಲಿ ಇಲ್ಲದ ಜೀವ. ಹಾಗೆ ನೋಡಿದರೆ ಆ ಪ್ರಸಂಗ ಸ್ವಲ್ಪ ಚುಚ್ಚುತ್ತದೆ. ನನಗಂತೂ ಚುಚ್ಚಿತು. ಇಪ್ಪತ್ತೈದು ವರ್ಷ ಕೌಂಟರಿನ ಈಚೆ ಕೂತವನು ನಾನು. ಸೂಟು ಹಾಕಿದವರು ಬಂದರೆ 'ಸರ್, ಕೂತ್ಕೊಳ್ಳಿ'. ಹೆಬ್ಬೆಟ್ಟು ಒತ್ತುವವರು ಬಂದರೆ ನನ್ನ ದನಿ ತಾನಾಗಿ ಏರುತ್ತಿತ್ತು.

ಮಂಗಳೂರಿಗೆ ಬರೋಣ. ಆಗ ಅಲ್ಲಿಯ ಕ್ರೈಸ್ತರ ಮೇಲ್ವಿಚಾರಣೆ ಕಾರ್ಮೆಲ್ ಪಾದ್ರಿಗಳದು. (ಜೆಸುಯಿಟರು ಬಂದದ್ದು 1878ರ ಕೊನೆಗೆ.) ಬಿಷಪ್ ಮರಿ ಎಫ್ರೆಮ್ ಅವರ ಆಸೆಯಂತೆ ಭಾರತದ ಮೊದಲ ಕಾರ್ಮೆಲ್ ಸನ್ಯಾಸಿನಿ ಮಠ ಕಟ್ಟಲು ಪೋ ಮಠದಿಂದ 1870ರ ಆಗಸ್ಟಿನಲ್ಲಿ ಒಂದು ತಂಡ ಹೊರಟಿತು. ದಾರಿಯಲ್ಲೇ ಮೂವರು ತೀರಿಕೊಂಡರು. ಮಂಗಳೂರು ಮುಟ್ಟಿದವರಲ್ಲಿ ಮರಿಯಂ ಒಬ್ಬಳು. 1871ರ ನವೆಂಬರ್ 21ರಂದು ಅಲ್ಲೇ ಆಕೆಯ ವ್ರತ ಸ್ವೀಕಾರವಾಯಿತು.

ಆಮೇಲೆ ಶುರುವಾಯಿತು ನೋಡಿ ಕಷ್ಟ. ಮರಿಯಂಗೆ ದರ್ಶನಗಳಾಗುತ್ತಿದ್ದವು, ಪರವಶಳಾಗುತ್ತಿದ್ದಳು. ಇದೆಲ್ಲ ನಿಜವೇ ಎಂದು ತೀರ್ಮಾನ ಹೇಳಲು ನಾನು ಯಾರೂ ಅಲ್ಲ. ಆದರೆ ಹೇಳಬೇಕಾದವರೇ ಇದ್ದರಲ್ಲ, ಮಠದ ಮುಖ್ಯಸ್ಥೆ ಮತ್ತು ಬಿಷಪ್! ಮೊದಲು ಮೆಚ್ಚಿದ್ದ ಅವರಿಗೆ ಅನುಮಾನ ಬಂತು. ಇದು ದೇವರದ್ದಲ್ಲ, ಸೈತಾನನದ್ದೋ ಭ್ರಮೆಯೋ ಎಂಬ ಮಾತಾಯಿತು. 1872ರಲ್ಲಿ ಆಕೆಯನ್ನು ಫ್ರಾನ್ಸಿಗೆ ವಾಪಸು ಕಳಿಸಿದರು. ಸಮುದ್ರ ದಾಟಿ ಬಂದು ಪೂರ್ತಿ ಎರಡು ವರ್ಷವೂ ಆಗಿರಲಿಲ್ಲ. ಆಕೆ ಹೋದಳು. ಪೋ ಮಠದಲ್ಲಿ ಮತ್ತೆ ಅದೇ ಅಡುಗೆ, ಅದೇ ಬಟ್ಟೆ.

ಅಳುಮುಂಜಿ ಹುಡುಗಿ ಎಂದುಕೊಳ್ಳಬೇಡಿ. 1875ರಲ್ಲಿ ಬೆತ್ಲೆಹೇಮಿನಲ್ಲಿ ಕಾರ್ಮೆಲ್ ಮಠ ಕಟ್ಟಲು ಹೊರಟ ತಂಡದಲ್ಲಿ ಅರಬ್ಬಿ ಚೆನ್ನಾಗಿ ಬರುವವಳು ಇವಳೇ. ಕಟ್ಟಡ ಹೀಗಿರಬೇಕು ಎಂದು ಹೇಳಿದ್ದು ಇವಳು, ಕೂಲಿಯವರ ಮೇಲ್ವಿಚಾರಣೆಯೂ ಇವಳದೇ. ಅಷ್ಟಾದರೂ ನೀರು ಹೊರುವ ಕೆಲಸ ಬಿಡಲಿಲ್ಲ. 1878ರ ಆಗಸ್ಟಿನಲ್ಲಿ ಕೆಲಸದಾಳುಗಳಿಗೆ ಕುಡಿಯಲು ನೀರು ಒಯ್ಯುತ್ತಿದ್ದಾಗ ಬಿದ್ದು ತೋಳು ಮುರಿಯಿತು. ಗಾಯ ಕೊಳೆತು ಏರಿತು. 26ನೇ ತಾರೀಕು ತೀರಿಕೊಂಡಳು. ವಯಸ್ಸು 32.

2015ರ ಮೇ 17ರಂದು ರೋಮಿನಲ್ಲಿ ಪೋಪ್ ಫ್ರಾನ್ಸಿಸ್ ಆಕೆಯನ್ನು ಸಂತಳೆಂದು ಘೋಷಿಸಿದರು.

ಇಷ್ಟು ಓದಿಕೊಂಡು ಮತ್ತೆ ಬಾಯಮ್ಮನ ಮನೆಗೆ ಹೋದೆ. ಎಫ್‌ಡಿ ಕೆಲಸ ಇನ್ನೂ ಬಾಕಿ ಇತ್ತು. ಸ್ವಲ್ಪ ಕೆಣಕುವ ಹಾಗೇ ಕೇಳಿದೆ, "ಅಲ್ಲ ಬಾಯಮ್ಮ, ಅವರನ್ನು ಬೇಡ ಅಂತ ಮಂಗಳೂರಿನಿಂದ ಕಳಿಸಿದ್ದು ನಿಮ್ಮವರೇ ಅಲ್ವಾ?"

ಬಾಯಮ್ಮ ಪಟದ ಕಡೆ ಒಮ್ಮೆ ನೋಡಿದರು.

"ಹೌದು ಮಾರಾಯ್ರೇ, ನಮ್ಮವರೇ," ಎಂದರು. ಆಮೇಲೆ ಕನ್ನಡಕ ಹಾಕಿಕೊಂಡು, "ಎಲ್ಲಿ ಸೈನ್ ಮಾಡ್ಬೇಕು ಹೇಳಿ" ಎಂದು ಪೆನ್ನು ತೆಗೆದುಕೊಂಡರು.