ಬುಟಿಬೋರಿಯ ಗೋಪುರದಿಂದ ಅಂಗೈಯ ಪರದೆಗೆ



ಯುಗಾದಿ ಕವಿಗೋಷ್ಠಿಯ ವೀಡಿಯೊ ಹಾಕಿದ ಮರುದಿನ ನಾಗಪುರದ ಬಳಿಯ ಬುಟಿಬೋರಿಯಿಂದ ಒಂದು ಫೋನ್ ಬಂತು. ಮಾತನಾಡಿದವರು ಗದಗಿನ ಕಡೆಯವರು, ಅಲ್ಲಿನ ಕಾರ್ಖಾನೆಯೊಂದರಲ್ಲಿ ಕೆಲಸ. "ಮೇಡಂ, ಮನಿಯವರ ಫೋನಿನ್ಯಾಗ ಛಲೋ ಬರತೈತ್ರಿ. ನನ್ನ ಫೋನಿನ್ಯಾಗ ಬರೇ ಚಕ್ರ ತಿರಗತೈತಿ. ಪೆನ್‌ಡ್ರೈವಿಗೆ ಹಾಕಿ ಟೀವಿಗೆ ಚುಚ್ಚಿದರ ದನಿ ಐತಿ, ಚಿತ್ರ ಇಲ್ಲ. ತಪ್ಪು ನಿಮ್ಮದೋ ನಮ್ಮದೋ?"

ಉತ್ತರಕ್ಕಾಗಿ ಸ್ವಲ್ಪ ಹಿಂದಕ್ಕೆ ಹೋಗೋಣ, ಬನ್ನಿ.

1935ರಲ್ಲಿ ಮೈಸೂರಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿ ಅವರು 'ಆಕಾಶವಾಣಿ' ಆರಂಭಿಸಿದಾಗ ಅವರ ಬಳಿ ಇದ್ದದ್ದು 30 ವ್ಯಾಟಿನ ಪುಟ್ಟ ಪ್ರೇಷಕ. 1988ರಲ್ಲಿ ಆಕಾಶವಾಣಿಯ ರಾಷ್ಟ್ರೀಯ ವಾಹಿನಿ ಶುರುವಾಯಿತು. ಅದಕ್ಕೆ ದನಿ ಕೊಟ್ಟದ್ದು ಇದೇ ಬುಟಿಬೋರಿಯ 10 ಲಕ್ಷ ವ್ಯಾಟಿನ ಪ್ರೇಷಕ! ರಾತ್ರಿಯಾದರೆ ಮಧ್ಯಮ ತರಂಗ ಅಯಾನುಗೋಲಕ್ಕೆ ತಾಗಿ ಮರಳಿ, ನೂರಾರು ಮೈಲಿ ದೂರದ ಊರುಗಳಿಗೂ ಇಳಿಯುತ್ತದೆ. ಹತ್ತು ಜನ ಕೇಳಲಿ, ಹತ್ತು ಲಕ್ಷ ಜನ ಕೇಳಲಿ, ಗೋಪುರಕ್ಕೆ ಭಾರ ಒಂದೇ. ದನಿ ಸರಿಯಿಲ್ಲವೆಂದರೆ ನಾವು ಟ್ರಾನ್ಸಿಸ್ಟರನ್ನು ಅತ್ತಿತ್ತ ತಿರುಗಿಸುತ್ತಿದ್ದೆವು. ಅದು ಮೂಢನಂಬಿಕೆಯಲ್ಲ, ಒಳಗಿನ ಫೆರೈಟ್ ಕಡ್ಡಿ ಯಾವ ದಿಕ್ಕಿಗಿದೆ ಎಂಬುದರ ಮೇಲೆ ದನಿ ಏರಿಳಿಯುತ್ತದೆ.

1995 ಬಂತು. ಆ ವರ್ಷವೇ 'ರಿಯಲ್ ಆಡಿಯೊ' ಹುಟ್ಟಿತು. ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ನಮ್ಮ ದೇಶದ ಸಾರ್ವಜನಿಕರಿಗೆ ಇಂಟರ್‌ನೆಟ್ ತೆರೆಯಿತು. ಇಲ್ಲಿ ಲೆಕ್ಕವೇ ಬೇರೆ. ಪ್ರತಿಯೊಬ್ಬರ ಸಾಧನವೂ ಸರ್ವರಿನಿಂದ ತನ್ನದೇ ಪ್ರತಿಯನ್ನು ಕೇಳಿ ಪಡೆಯುತ್ತದೆ. ಒಬ್ಬರಿಗೆ ರಿಯಲ್ ಪ್ಲೇಯರ್ ಬೇಕು, ಇನ್ನೊಬ್ಬರಿಗೆ ವಿಂಡೋಸ್ ಮೀಡಿಯಾ, ಮತ್ತೊಬ್ಬರಿಗೆ ಫ್ಲ್ಯಾಷ್. 2007ರ ಐಫೋನಿಗೆ ಫ್ಲ್ಯಾಷ್ ಬರಲೇ ಇಲ್ಲ. 2020ರ ಕೊನೆಗೆ ಫ್ಲ್ಯಾಷ್ ಬೆಂಬಲವೇ ನಿಂತುಹೋಯಿತು. 2009ರಲ್ಲಿ ಆ್ಯಪಲ್ ತಂದ 'ಎಚ್‌ಎಲ್‌ಎಸ್' ವಿಧಾನದಲ್ಲಿ ವೀಡಿಯೊವನ್ನು ಕೆಲವು ಸೆಕೆಂಡುಗಳ ತುಣುಕು ಮಾಡಿ, ಒಂದೊಂದನ್ನೂ ಹಲವು ಗುಣಮಟ್ಟಗಳಲ್ಲಿ ಇಟ್ಟಿರುತ್ತಾರೆ. ನೆಟ್‌ವರ್ಕಿನ ವೇಗ ನೋಡಿ ಸಾಧನವೇ ತನಗೆ ತಕ್ಕದ್ದನ್ನು ಆರಿಸಿಕೊಳ್ಳುತ್ತದೆ. ಮುಂದಿನ ತುಣುಕು ಸಮಯಕ್ಕೆ ಬರದಿದ್ದರೆ ಚಕ್ರ ತಿರುಗುತ್ತದೆ, ಅಷ್ಟೆ.

ಈಗ ಬುಟಿಬೋರಿಯ ಮನೆಗೆ ಮರಳೋಣ. ಮನೆಯವರ ಫೋನಿನಲ್ಲಿ ಬರುತ್ತದೆಂದರೆ ಸರ್ವರು ಸರಿಯಿದೆ, ಮನೆಯ ವೈಫೈ ಕೂಡ ಸರಿಯಿದೆ. ಇವರ ಫೋನು ಮಾತ್ರ ಮೊಬೈಲ್ ಡೇಟಾದ ಮೇಲಿತ್ತು. ವೈಫೈಗೆ ಹಾಕಿಸಿದೆ, ಚಕ್ರ ನಿಂತು ಕವಿಗಳು ಬಂದರು! ಹಾಗೂ ಬರದಿದ್ದರೆ ಗುಣಮಟ್ಟ ಇಳಿಸುವುದು, ಆ್ಯಪ್ ಹೊಸದು ಮಾಡಿಕೊಳ್ಳುವುದು, ಫೋನನ್ನು ಆರಿಸಿ ಹಚ್ಚುವುದು, ಹೀಗೆ ಒಂದೊಂದಾಗಿ ನೋಡಬೇಕು. ಎಲ್ಲವನ್ನೂ ಒಟ್ಟಿಗೇ ಬದಲಾಯಿಸಿದರೆ ಎಲ್ಲಿ ಕೆಟ್ಟಿತ್ತೆಂದು ತಿಳಿಯುವುದಿಲ್ಲ.

ಟೀವಿಯ ಕಥೆ ಬೇರೆ. ವೀಡಿಯೊ ಇದ್ದದ್ದು 2013ರ 'ಎಚ್‌ಇವಿಸಿ' ಲಿಪಿಯಲ್ಲಿ ಎನ್ನಿ. ಅವರ ಹಳೆಯ ಟೀವಿಗೆ ಓದಲು ಬರುವುದು 2003ರ 'ಎಚ್.264' ಮಾತ್ರ. ದನಿಯ ಲಿಪಿ ಗೊತ್ತು, ಚಿತ್ರದ್ದು ಗೊತ್ತಿಲ್ಲ. ಆ ತಪ್ಪು ನಮ್ಮದೇ. ಹಳೆಯ ಲಿಪಿಯ ಪ್ರತಿಯೊಂದನ್ನು ಮಾಡಿ ಕಳಿಸಿದೆವು.

2018ರ ಕೊನೆಯಲ್ಲಿ ರಾಷ್ಟ್ರೀಯ ವಾಹಿನಿಯನ್ನು ಮುಚ್ಚುವ ತೀರ್ಮಾನವಾಯಿತು. ದೂರದ ಊರಿನಲ್ಲಿ ರಾತ್ರಿಪಾಳಿ ಮುಗಿಸಿ ಬಂದವರಿಗೆ ಕನ್ನಡ ಕೇಳಿಸುವ ದಾರಿ ಈಗ ಹೆಚ್ಚಾಗಿ ಈ ತುಣುಕುಗಳೇ. ನನಗೆ ಭಯವಾಗುವುದು ದೂರುವವರ ಬಗ್ಗೆ ಅಲ್ಲ. "ನನಗೇ ಬಳಸಲು ಬರುವುದಿಲ್ಲ" ಎಂದುಕೊಂಡು ಸುಮ್ಮನೆ ಫೋನು ಕೆಳಗಿಡುವ ಹಿರಿಯರ ಬಗ್ಗೆ. ಗೋಪುರದ ಕಾಲದಲ್ಲಿ ಒಂದು ತರಂಗ ಎಲ್ಲರನ್ನೂ ಮುಟ್ಟುತ್ತಿತ್ತು. ಈಗ ಒಂದೊಂದು ಮನೆಗೂ ಬೇರೆ ಬೇರೆ ದಾರಿ; ಯಾವ ದಾರಿ ಮುಚ್ಚಿದೆಯೆಂದು ನೀವು ಹೇಳದೆ ನಮಗೆ ತಿಳಿಯದು.

ಆದ್ದರಿಂದ ಬರೆಯಿರಿ. ಯಾವ ಸಾಧನ, ಯಾವ ನೆಟ್‌ವರ್ಕ್, ಎಷ್ಟು ಹೊತ್ತಿಗೆ, ಪರದೆಯ ಮೇಲೆ ಏನು ಕಂಡಿತು, ಈ ನಾಲ್ಕು ಮಾತು ಸಾಕು.