ಕಣ್ಕಟ್ಟು ಮತ್ತು ನಜರ್‌ಬಂದಿ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಕಚೇರಿಯಲ್ಲಿ ಉರ್ದು, ಹೊಲ-ಸಂತೆಗಳಲ್ಲಿ ಕನ್ನಡ. ಗಾರುಡಿಗನ ಆಟಕ್ಕೂ ಇಲ್ಲಿಯ ಎರಡು ಭಾಷೆಗಳಲ್ಲಿ ಎರಡು ಹೆಸರು: ಕಣ್ಕಟ್ಟು ಮತ್ತು ನಜರ್‌ಬಂದಿ. ಎರಡರ ಅರ್ಥವೂ ಒಂದೇ, ನೋಟವನ್ನು ಕಟ್ಟಿಹಾಕುವುದು. ಆದರೆ ಕಟ್ಟು ಬೀಳುವುದು ಕಣ್ಣಿಗೋ, ಮನಸ್ಸಿಗೋ?

ಪ್ರಶ್ನೆ ಹಳೆಯದು. 14ನೇ ಶತಮಾನದ ಪ್ರವಾಸಿ ಇಬ್ನ್ ಬತೂತಾ ಚೀನಾದ ಹಾಂಗ್‌ಝೌ ನಗರದಲ್ಲಿ ಕಂಡ ಆಟವನ್ನು ಬಣ್ಣಿಸಿದ್ದಾನೆ. ಆಕಾಶಕ್ಕೆಸೆದ ಚೆಂಡಿನ ಪಟ್ಟಿ ಹಿಡಿದು ಹುಡುಗನೊಬ್ಬ ಮೇಲೇರಿ ಮಾಯವಾದ. ಅವನ ಕೈಕಾಲುಗಳು ಒಂದೊಂದಾಗಿ ಕೆಳಗೆ ಬಿದ್ದವು. ಕೊನೆಗೆ ಹುಡುಗ ಎದ್ದು ನಿಂತ. ಎದೆ ಬಡಿದುಕೊಂಡ ಬತೂತಾನಿಗೆ ಔಷಧ ಕೊಡಬೇಕಾಯಿತು. ಪಕ್ಕದಲ್ಲಿದ್ದ ಕಾಜಿ ಮಾತ್ರ, ಹತ್ತಿದ್ದೂ ಇಲ್ಲ, ಇಳಿದದ್ದೂ ಇಲ್ಲ, ಕಡಿದದ್ದೂ ಇಲ್ಲ, ಎಲ್ಲವೂ ಕೈಚಳಕ ಎಂದರು.

ಮನಶ್ಶಾಸ್ತ್ರ ಕಾಜಿಯ ಮಾತನ್ನು ಮುಂದುವರಿಸಿತು. 1900ರಲ್ಲಿ ಅಮೆರಿಕದ ನಾರ್ಮನ್ ಟ್ರಿಪ್ಲೆಟ್ ಮಕ್ಕಳೆದುರು ಚೆಂಡನ್ನು ಮೇಲಕ್ಕೆಸೆದು ಹಿಡಿದು, ಕೊನೆಗೆ ಬರಿಗೈಯಲ್ಲಿ ಎಸೆದಂತೆ ನಟಿಸಿದರು. ಸುಮಾರು ಅರ್ಧದಷ್ಟು ಮಕ್ಕಳು, ಚೆಂಡು ಮೇಲೆ ಹೋಗಿ ಮಾಯವಾಯಿತು ಎಂದರು. 2006ರಲ್ಲಿ ಗುಸ್ತಾವ್ ಕುನ್ ಮತ್ತು ಮೈಕೆಲ್ ಲ್ಯಾಂಡ್ ನೋಡುಗರ ಕಣ್ಣಿನ ಚಲನೆಯನ್ನೇ ಅಳೆದರು. ಚೆಂಡು ಮಾಯವಾಯಿತೆಂದವರ ಕಣ್ಣು ಆ ಜಾಗಕ್ಕೆ ಹೋಗಿರಲೇ ಇಲ್ಲ. ಆಟಗಾರನ ಮುಖದತ್ತ ಹೊರಳಿತ್ತು. ಅವನು ಮೇಲೆ ನೋಡಿದ, ಇವರ ಮನಸ್ಸು ಚೆಂಡನ್ನು ಕಲ್ಪಿಸಿಕೊಂಡಿತು. ಕಣ್ಣು ಮೋಸ ಹೋಗಲಿಲ್ಲ, ನಿರೀಕ್ಷೆ ಮೋಸ ಹೋಯಿತು.

ನೆನಪೂ ಈ ಆಟದಲ್ಲಿ ಪಾಲುದಾರ. ಭಾರತದ ಹಗ್ಗದ ಜಾದೂ ಲೋಕಪ್ರಸಿದ್ಧವಾದದ್ದು 1890ರಲ್ಲಿ ಷಿಕಾಗೋ ಪತ್ರಿಕೆಯೊಂದು ಹೆಣೆದ ಕಟ್ಟುಕತೆಯಿಂದ. ಅದು ಕಟ್ಟುಕತೆಯೆಂದು ಪತ್ರಿಕೆಯೇ ನಂತರ ಒಪ್ಪಿತು. ಆದರೂ ಕಣ್ಣಾರೆ ಕಂಡೆವೆನ್ನುವವರು ಹುಟ್ಟುತ್ತಲೇ ಹೋದರು. ರಿಚರ್ಡ್ ವೈಸ್‌ಮನ್ ಮತ್ತು ಪೀಟರ್ ಲಮಾಂಟ್ 1996ರಲ್ಲಿ ಆ ಹೇಳಿಕೆಗಳನ್ನು ಪರಿಶೀಲಿಸಿದಾಗ, ಕಂಡದ್ದಕ್ಕೂ ಹೇಳಿದ್ದಕ್ಕೂ ನಡುವೆ ವರ್ಷಗಳು ಹೆಚ್ಚಿದಷ್ಟೂ ಅದ್ಭುತವೂ ಹೆಚ್ಚಿದ್ದು ಕಂಡುಬಂತು.

ಸಂತೆಯ ಗಾರುಡಿಗ ಆಟ ಮುಗಿಸಿ, ಇದೆಲ್ಲ ಹೊಟ್ಟೆಪಾಡಿಗಾಗಿ ಎಂದು ಜೋಳಿಗೆ ಚಾಚುತ್ತಾನೆ. ಅವನದು ಪ್ರಾಮಾಣಿಕ ಮೋಸ. ಅದೇ ಕೈಚಳಕಕ್ಕೆ ದೈವದ ಹೆಸರಿಟ್ಟು ವಿಭೂತಿ ಉದುರಿಸುವ ಬಾಬಾ, ನಿಂಬೆಹಣ್ಣಿನಲ್ಲಿ ರಕ್ತ ತೋರಿಸುವ ಆಮಿಲ್ ಕಸಿದುಕೊಳ್ಳುವುದು ಬಡವರ ಹಣವನ್ನಷ್ಟೇ ಅಲ್ಲ, ಚಿಕಿತ್ಸೆಯ ಸಮಯವನ್ನೂ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರೀಕ್ಷೆಗೆ ಸಮಿತಿ ರಚಿಸಿದ್ದು ಇದಕ್ಕಾಗಿಯೇ. ಕರ್ನಾಟಕ 2017ರಲ್ಲಿ ವಾಮಾಚಾರ ತಡೆ ಕಾನೂನನ್ನೂ ತಂದಿತು. ಆದರೆ ಕಾನೂನು ಬರುವುದು ಮೋಸ ನಡೆದ ಮೇಲೆ. ಅದಕ್ಕೆ ಮೊದಲು ಬೇಕಾದವರು, ಗುಂಪಿನ ನಡುವೆ ನಿಂತು ಇದು ಕೈಚಳಕ ಎಂದು ಮೆಲ್ಲಗೆ ಹೇಳುವ ಆ ಕಾಜಿಯಂಥವರು.