ಪಂಕ್ಚರ್ ನಾವೇ ಹಾಕಬೇಕೆ, ಶಾಪಿಗೆ ಕೊಡಬೇಕೆ?



ಹಾಲಿನ ಸಂಘದ ಬೆಳ್ಳಿಹಬ್ಬದ ಸಂಚಿಕೆಯಲ್ಲಿ ಸೈಕಲ್ ವಿಚಾರ ಯಾಕೆ ಅಂತ ತಾವು ಕೇಳಬಹುದು. ಹಾಲಿನ ಕ್ಯಾನು, ಹಿಂಡಿ ಚೀಲ, ಶಾಲೆಯ ಮಕ್ಕಳು ಎಲ್ಲವನ್ನೂ ಹೊತ್ತದ್ದು ಸೈಕಲ್ಲೇ. ಅದರ ರಿಪೇರಿಗೂ ಒಂದು ಚರಿತ್ರೆ ಉಂಟು.

ಮೊದಲು ಸೈಕಲ್ಲಿಗೆ ಗಟ್ಟಿ ರಬ್ಬರಿನ ಟೈರು. ಪಂಕ್ಚರ್ ಅನ್ನುವ ಮಾತೇ ಇರಲಿಲ್ಲ. ಐರ್ಲೆಂಡಿನ ಬೆಲ್‌ಫಾಸ್ಟ್ ಊರಿನಲ್ಲಿದ್ದ ದನದ ಡಾಕ್ಟರು ಜಾನ್ ಬಾಯ್ಡ್ ಡನ್‌ಲಪ್ 1888ರಲ್ಲಿ ಗಾಳಿ ಟೈರಿಗೆ ಪೇಟೆಂಟ್ ಪಡೆದರು. ಸವಾರಿ ಹಗುರಾಯಿತು, ಜೊತೆಗೆ ಪಂಕ್ಚರೂ ಬಂತು. ಆಗ ಟೈರನ್ನು ರಿಮ್ಮಿಗೆ ಅಂಟಿಸಿಬಿಡುತ್ತಿದ್ದರು. ಬಿಚ್ಚಿ ತೇಪೆ ಹಾಕಲು ತಾಸುಗಟ್ಟಲೆ, ಒಣಗಲು ಒಂದು ರಾತ್ರಿ. ಸವಾರನ ಕೈಯಲ್ಲಿ ಆಗುವ ಕೆಲಸವಲ್ಲ. ಫ್ರಾನ್ಸಿನ ಮಿಷೆಲಿನ್ ಸಹೋದರರು ಇದನ್ನು ಕಂಡು 1891ರಲ್ಲಿ ಬಿಚ್ಚಿ ಹಾಕುವ ಟೈರು ತಂದರು. ಅದೇ ವರ್ಷ ಪ್ಯಾರಿಸ್‌ನಿಂದ ಬ್ರೆಸ್ಟ್‌ಗೆ ಹೋಗಿ ಬರುವ ಸುಮಾರು 1200 ಕಿ.ಮೀ. ಪಂದ್ಯವನ್ನು ಆ ಟೈರಿನ ಸವಾರ ಶಾರ್ಲ್ ತೆರೋಂ ಗೆದ್ದ. ರಿಪೇರಿ ಸವಾರನ ಕೈಗೆ ಬಂದದ್ದು ಹೀಗೆ.

ನಮ್ಮ ದೇಶದಲ್ಲಿ 1949ರಲ್ಲಿ ಮದ್ರಾಸಿನ ಟಿ.ಐ. ಸೈಕಲ್ಸ್, 1951ರಲ್ಲಿ ಸೋನಿಪತ್‌ನ ಅಟ್ಲಾಸ್, 1956ರಲ್ಲಿ ಲೂಧಿಯಾನದ ಹೀರೋ ಆರಂಭವಾದವು. ಸೈಕಲ್ ಹಳ್ಳಿಗೂ ಬಂತು, ಬೆನ್ನಿಗೇ ಬಾಡಿಗೆ ಸೈಕಲ್ ಶಾಪೂ ಬಂತು.

ಈಗ ನಮ್ಮ ಮಾತು. ಬೆಳಗಿನ ಹಾಲು ಹಾಕುವ ಹೊತ್ತಿಗೆ ಶಾಪಿನ ಬಾಗಿಲು ತೆಗೆದಿರುವುದಿಲ್ಲ. ಹೊತ್ತು ಮೀರಿದರೆ ಹಾಲು ಕೆಡುತ್ತೆ, ನಷ್ಟ ನಮ್ಮದೇ. ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ನೋಡುವುದು, ಉಜ್ಜಿ, ಸೊಲ್ಯೂಷನ್ ಹಚ್ಚಿ, ಸ್ವಲ್ಪ ಆರಿದ ಮೇಲೆ ತೇಪೆ ಒತ್ತುವುದು, ಚೈನಿಗೆ ಎಣ್ಣೆ ಬಿಡುವುದು, ಬ್ರೇಕ್ ಬಿಗಿ ಮಾಡುವುದು, ಇಷ್ಟು ಮನೆಮನೆಯಲ್ಲಿ ಗಂಡಸರು, ಹೆಂಗಸರು, ಮಕ್ಕಳು ಎಲ್ಲರಿಗೂ ಬರಬೇಕು. ಕೈ ಕೆಸರಾದರೆ ಬಾಯಿ ಮೊಸರು.

ಹಾಗಂತ ಶಾಪೇ ಬೇಡ ಅನ್ನಬಾರದು. ಚಕ್ರದ ಬೆಂಡ್ ತೆಗೆಯುವುದು, ಫ್ರೀವೀಲ್ ಬದಲಾಯಿಸುವುದು ಅನುಭವಸ್ಥರ ಕೆಲಸ. ಕಡ್ಡಿ ಒಂದು ಕಡೆ ಹೆಚ್ಚು ಬಿಗಿಯಾದರೆ ರಿಮ್ಮೇ ಸೊಟ್ಟ. ನಾವು ಕೆಲಸ ಕೊಡದಿದ್ದರೆ ಶಾಪು ಮುಚ್ಚುತ್ತೆ. ಆಮೇಲೆ ಒಂದು ಕಡ್ಡಿಗೂ ಪಟ್ಟಣಕ್ಕೆ ಓಡಬೇಕಾದೀತು.

1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಹಕಾರ ಸಂಘ ಕಲಿಸಿದ್ದೂ ಇದನ್ನೇ: ನಮ್ಮ ಕೈಲಾದದ್ದು ನಾವು ಮಾಡೋಣ, ಆಗದ್ದಕ್ಕೆ ಒಬ್ಬರಿಗೊಬ್ಬರು ಆಗೋಣ. ಸಂಘದ ಕಟ್ಟಡದಲ್ಲಿ ಒಂದು ಪಂಪು, ನಾಲ್ಕು ಸ್ಪ್ಯಾನರು, ಒಂದು ಸೊಲ್ಯೂಷನ್ ಡಬ್ಬಿ ಇಟ್ಟರೆ ಹೇಗೆ? ಸದಸ್ಯರು ಮುಂದಿನ ಮಹಾಸಭೆಯಲ್ಲಿ ಯೋಚಿಸಬೇಕಾಗಿ ವಿನಂತಿ.